ಮಳೆಯೂರಿನಲ್ಲಿ ಮರುಭೂಮಿ ಗಿಡ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯವರು ನಾವು. ನಮ್ಮಲ್ಲಿ ಮಳೆಗೆ ಬರ ಇಲ್ಲ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಮರುಭೂಮಿಯಲ್ಲಿ 250 ಮಿಲಿಮೀಟರ್ ಸಹ ಬೀಳುವುದಿಲ್ಲ. ಆದರೂ ಮರುಭೂಮಿಯ ಗಿಡಗಳು ನಮ್ಮ ಅಂಗಳದಲ್ಲಿ ಉಂಟು!

ಯಾವುವು ಆ ಗಿಡಗಳು? ಬೇಲಿಯ ಪಾಪಾಸುಕಳ್ಳಿ ಅಮೆರಿಕದ ಕಡೆಯದ್ದು. ಮೈತುಂಬಾ ಮುಳ್ಳು, ಸಣ್ಣ ಕೆಂಪು ಹೂ ಇರುವ ಯುಫೋರ್ಬಿಯಾ ಮಡಗಾಸ್ಕರ್ ದ್ವೀಪದ್ದು. ದಪ್ಪ ಬುಡದ ಅಡೇನಿಯಂ ಆಫ್ರಿಕ ಮತ್ತು ಅರಬ್ ನಾಡಿನದ್ದು.

ಇವು ಕಾಂಡದಲ್ಲಿ, ಬುಡದಲ್ಲಿ ನೀರು ಕೂಡಿಡುತ್ತವೆ. ನಾವು ಹಂಡೆಯಲ್ಲಿ ನೀರು ತುಂಬಿಸಿ ಇಟ್ಟ ಹಾಗೆ. ಬೇರು ಸದಾ ಒದ್ದೆಯಾದರೆ ಅದಕ್ಕೆ ಗಾಳಿ ಸಿಗುವುದಿಲ್ಲ. ಬೇರು ಕೊಳೆಯುತ್ತದೆ. ದುಡ್ಡು ಕೊಟ್ಟು ತಂದ ಗಿಡ ಒಂದೇ ಮಳೆಗಾಲಕ್ಕೆ ಹೋಗ್ತದೆ. ಬಾಡಿತು ಅಂತ ಇನ್ನೂ ನೀರು ಹಾಕಿದರೆ ಬೇಗ ಸಾಯ್ತದೆ.

ದುಡ್ಡು ಯಾಕೆ ಕೊಡಬೇಕು? ನೆರೆಮನೆಯಿಂದ ಒಂದು ಗೆಲ್ಲು ಕೇಳಿ ತನ್ನಿ. ಅದರಿಂದಲೇ ಗಿಡ ಮಾಡೋಣ.

1. ಗೇಣುದ್ದದ ಗೆಲ್ಲನ್ನು ಶುಚಿಯಾದ ಚೂರಿಯಿಂದ ಕೊಯ್ಯಿರಿ.

2. ಕೂಡಲೇ ನೆಡಬೇಡಿ. ನೆರಳಲ್ಲಿ ಒಂದು ವಾರ ಇಡಿ. ನಮ್ಮ ಗಾಯ ಒಣಗಿ ಹಕ್ಕಳೆ ಕಟ್ಟುವುದಿಲ್ಲವೇ? ಹಾಗೆಯೇ ಕೊಯ್ದ ಜಾಗ ಒಣಗಬೇಕು. ಹಸಿಯಾಗಿ ನೆಟ್ಟರೆ ಅಲ್ಲಿಂದಲೇ ಕೊಳೆಯುತ್ತದೆ.

3. ಕುಂಡದ ಅಡಿಯಲ್ಲಿ ತೂತು ಇರಲಿ. ಹಳೆಯ ಎಣ್ಣೆ ಡಬ್ಬಕ್ಕೆ ಮೊಳೆಯಿಂದ ತೂತು ಮಾಡಿದರೂ ಆಯ್ತು. ಅಡಿಗೆ ಹೆಂಚಿನ ಚೂರು ಹಾಕಿ.

4. ಎರಡು ಪಾಲು ಹೊಳೆಯ ಹೊಯಿಗೆ, ಒಂದು ಪಾಲು ಕೆಂಪು ಮಣ್ಣು, ಸ್ವಲ್ಪ ಇದ್ದಿಲ ಚೂರು ಬೆರೆಸಿ. ಕಡಲ ಹೊಯಿಗೆ ಬೇಡ. ಅದರಲ್ಲಿ ಉಪ್ಪು ಉಂಟು.

5. ಎರಡು ಬೆರಳು ಆಳಕ್ಕೆ ಗೆಲ್ಲು ಊರಿ. ನಾಲ್ಕೈದು ದಿನ ಕಳೆದು ಸ್ವಲ್ಪ ನೀರು ಹಾಕಿ. ಆಮೇಲೆ ಮಣ್ಣಿಗೆ ಬೆರಳು ಹಾಕಿ ನೋಡಿ. ಒಣಗಿದ್ದರೆ ಮಾತ್ರ ನೀರು. ಸಾಮಾನ್ಯವಾಗಿ ತಿಂಗಳು, ಒಂದೂವರೆ ತಿಂಗಳಲ್ಲಿ ಬೇರು ಬರ್ತದೆ.

ದೀಪಾವಳಿ ಕಳೆದ ಮೇಲೆ ನೆಡುವುದು ಒಳ್ಳೆಯದು. ಆಟಿಯ ಮಳೆಯಲ್ಲಿ ಬೇಡ. ಮಳೆ ಶುರುವಾದ ಕೂಡಲೇ ಕುಂಡವನ್ನು ಜಗಲಿಗೆ ತನ್ನಿ. ಬೆಳಕು ಬೀಳಬೇಕು, ಮಾಡಿನ ನೀರು ಬೀಳಬಾರದು. ಕುಂಡದ ಅಡಿಗೆ ತಟ್ಟೆ ಇಡಬೇಡಿ. ತಟ್ಟೆಯಲ್ಲಿ ನೀರು ನಿಂತರೆ ಡೆಂಗೆ ತರುವ ಸೊಳ್ಳೆ ಅಲ್ಲೇ ಮೊಟ್ಟೆ ಇಡ್ತದೆ.

ಅಡೇನಿಯಂಗೆ ದಪ್ಪ ಬುಡ ಬೇಕಾ? ಹಾಗಾದರೆ ಬೀಜ ಹಾಕಿ. ಗೆಲ್ಲು ನೆಟ್ಟರೆ ಹೂ ಬರ್ತದೆ, ಬುಡ ಅಷ್ಟು ಚೆಂದ ಉಬ್ಬುವುದಿಲ್ಲ.

ಒಂದು ಮಾತು ಮರೆಯಬೇಡಿ. ಯುಫೋರ್ಬಿಯಾದ ಹಾಲು ಕಣ್ಣಿಗೆ ಬಿದ್ದರೆ ಅಪಾಯ. ಅಡೇನಿಯಂ ರಸವೂ ವಿಷ. ಆಫ್ರಿಕದ ಬೇಟೆಗಾರರು ಅದನ್ನು ಬಾಣಕ್ಕೆ ಸವರುತ್ತಿದ್ದರು. ಕೊಯ್ಯುವಾಗ ಕೈಗೆ ಪ್ಲಾಸ್ಟಿಕ್ ತೊಟ್ಟೆ ಹಾಕಿಕೊಳ್ಳಿ. ಕೆಲಸ ಮುಗಿದ ಮೇಲೆ ಸಾಬೂನು ಹಾಕಿ ಕೈ ತೊಳೆಯಿರಿ. ಚಿಕ್ಕ ಮಕ್ಕಳಿಗೆ, ಆಡು ದನಗಳಿಗೆ ಸಿಗದ ಹಾಗೆ ಇಡಿ. ಹಾಲು ಕಣ್ಣಿಗೆ ಬಿದ್ದರೆ ತುಂಬಾ ನೀರು ಹಾಕಿ ತೊಳೆದು ಕೂಡಲೇ ಡಾಕ್ಟರ ಹತ್ತಿರ ಹೋಗಿ.

ಈಗ ಒಂದು ಚೀಟಿ ತೆಗೆದುಕೊಳ್ಳಿ. ಗಿಡದ ಹೆಸರು, ನೆಟ್ಟ ತಾರೀಕು ಬರೆಯಿರಿ. ಕೆಳಗೆ ‘ವಿಷ, ಮುಟ್ಟಬೇಡಿ’ ಅಂತ ದೊಡ್ಡದಾಗಿ ಬರೆದು ಕುಂಡಕ್ಕೆ ಕಟ್ಟಿ. ಮನೆಯ ಮಕ್ಕಳಿಗೆ ಅದನ್ನು ನೀವೇ ಓದಿ ಹೇಳಿ.