ಎಡೆದೊರೆ ನಾಡಿನ ಹಳೆಯ ಇಗರ್ಜಿ

ಕೊಪ್ಪಳ ಸೀಮೆಯ ಚರಿತ್ರೆ ಎಂದೊಡನೆ ಶಾಲೆಯ ಮಕ್ಕಳಿಗೆ ನೆನಪಾಗುವುದು ಗವಿಮಠ ಹಾಗೂ ಪಾಲ್ಕಿಗುಂಡಿನ ಅಶೋಕನ ಶಾಸನಗಳು. ಆಮೇಲೆ ಜೈನರ ಪುಣ್ಯಕ್ಷೇತ್ರವಾಗಿದ್ದ ಕೊಪಣ, ಗಂಗಾವತಿ ಮಗ್ಗುಲಿನ ಆನೆಗೊಂದಿ, ಇಟಗಿಯ ಮಹಾದೇವ ದೇವಾಲಯ. ಈ ಸಾಲಿಗೆ ಸೇರಬೇಕಾದ, ಆದರೆ ಸಾಮಾನ್ಯವಾಗಿ ಯಾರೂ ಎಣಿಸದ ಹೆಸರು ಇನ್ನೊಂದಿದೆ. ಅದು ಮುದಗಲ್ಲಿನ ಇಗರ್ಜಿ.

ಕುಷ್ಟಗಿ ತಾಲೂಕಿನ ಗಡಿ ದಾಟಿ ಈಶಾನ್ಯಕ್ಕೆ ಹೋದರೆ ಸಿಗುವ ಮುದಗಲ್, ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿಗೆ ಸೇರಿದ ಊರು. ಕೋಟೆಗೂ ಮೊಹರಮ್ಮಿಗೂ ಹೆಸರಾದ ಇಲ್ಲಿ ಜೆಸ್ವಿತ್ ಪಾದ್ರಿಗಳು 1557ರಲ್ಲಿ ಕ್ಯಾಥೊಲಿಕ್ ದೇವಾಲಯವೊಂದನ್ನು ಕಟ್ಟಿದರೆಂದು ಹಳೆಯ ಗೆಜೆಟಿಯರುಗಳು ಹೇಳುತ್ತವೆ. ಅಂದರೆ ರಕ್ಕಸತಂಗಡಿ ಯುದ್ಧಕ್ಕೆ ಎಂಟು ವರ್ಷ ಮೊದಲು! ಕಡಲಿನಿಂದ ಇಷ್ಟು ದೂರದ ಎರೆಹೊಲಗಳ ನಾಡಿಗೆ ಇಗರ್ಜಿ ಬಂದದ್ದಾದರೂ ಹೇಗೆ?

ಎರಡು ಹೊಳೆಗಳ ನಡುವೆ

ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ಪ್ರದೇಶಕ್ಕೆ ಶಾಸನಗಳಲ್ಲಿ ಎಡೆದೊರೆ ನಾಡು ಎಂಬ ಹೆಸರಿದೆ. ಫಲವತ್ತಾದ ಈ ನೆಲಕ್ಕಾಗಿ ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ, ಬಳಿಕ ಬಿಜಾಪುರದ ಆದಿಲಶಾಹಿಗಳೂ ಮತ್ತೆ ಮತ್ತೆ ಕಾದಾಡಿದರು. ರಾಯಚೂರು ಮತ್ತು ಮುದಗಲ್ ಕೋಟೆಗಳು ಒಮ್ಮೆ ಇವರ ಕೈಗೆ, ಒಮ್ಮೆ ಅವರ ಕೈಗೆ ಹೋಗುತ್ತಿದ್ದವು.

ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಹಿಡಿದ ಮೇಲೆ ಎರಡೂ ಪಕ್ಷಗಳಿಗೆ ಅವರ ನಂಟು ಬೇಕಾಯಿತು. ಕುದುರೆ ತರುವವರು ಅವರು, ಕೋವಿಯ ವಿದ್ಯೆ ಬಲ್ಲವರೂ ಅವರು. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ ಕ್ರಿಸ್ತೊವಾವ್ ದ ಫಿಗೆರೆದೊ ಎಂಬ ಪೋರ್ಚುಗೀಸನೂ ಅವನ ಕೋವಿಕಾರರೂ ರಾಯನ ಪರ ನಿಂತಿದ್ದರು. ಫ್ರಾನ್ಸಿಸ್ ಝೇವಿಯರ್ 1542ರಲ್ಲಿ ಗೋವೆಗೆ ಬಂದಿಳಿದ ಮೇಲೆ ಜೆಸ್ವಿತ್ ಪಾದ್ರಿಗಳ ಓಡಾಟ ಹೆಚ್ಚಿತು. ಸೈನಿಕರೂ ವ್ಯಾಪಾರಿಗಳೂ ತುಳಿದ ಹಾದಿಯಲ್ಲೇ ಅವರೂ ಘಟ್ಟ ಹತ್ತಿದರು.

ರೋಮ್ ನಗರದ ದಾಖಲೆಗಳಲ್ಲೂ ಬಿಜಾಪುರ ರಾಜ್ಯದ ಹೆಸರು ಉಳಿದಿದೆ. ಪೋರ್ಚುಗೀಸರ ಬಾಯಲ್ಲಿ ‘ಆದಿಲ್ ಖಾನ್’ ಎಂಬುದು ‘ಇದಲ್ಕಾನ್’ ಆಯಿತು. 1637ರಲ್ಲಿ ಆ ಇದಲ್ಕಾನ್ ಪ್ರಾಂತಕ್ಕೆ ಧರ್ಮಾಧಿಕಾರಿಯಾಗಿ ನೇಮಕಗೊಂಡವರು ಗೋವಾ ಮೂಲದ ಮತ್ತೇಯೊ ದ ಕಾಸ್ತ್ರೊ. ಲ್ಯಾಟಿನ್ ವಿಧಿಯ ಮೊದಲ ಭಾರತೀಯ ಬಿಷಪ್ ಅವರೇ. ನಮ್ಮ ಮಾತಿಗೂ ಆ ನಂಟು ಅಂಟಿಕೊಂಡಿತು. ಇಗರ್ಜಿ, ಪಾದ್ರಿ ಮಾತ್ರವಲ್ಲ, ದಿನ ಬಳಸುವ ಮೇಜು, ಚಾವಿ, ಅಲಮಾರು ಕೂಡ ಪೋರ್ಚುಗೀಸ್ ಮೂಲದ ಪದಗಳೇ.

ರಾಜ್ಯಗಳು ಮಾತ್ರ ಉಳಿಯಲಿಲ್ಲ. 1686ರಲ್ಲಿ ಔರಂಗಜೇಬ ಬಿಜಾಪುರವನ್ನು ಗೆದ್ದ. 1773ರಲ್ಲಿ ಪೋಪ್ ಅವರೇ ಜೆಸ್ವಿತ್ ಸಂಘವನ್ನು ವಿಸರ್ಜಿಸಿದರು. ಅದು ಮತ್ತೆ ತಲೆಯೆತ್ತಿದ್ದು 1814ರಲ್ಲಿ. ಈ ಸೀಮೆ ನಿಜಾಮರ ಆಳ್ವಿಕೆಗೆ ಬಂದು, 1948ರಲ್ಲಿ ಭಾರತದ ಒಕ್ಕೂಟಕ್ಕೂ 1956ರಲ್ಲಿ ಮೈಸೂರು ರಾಜ್ಯಕ್ಕೂ ಸೇರಿತು. ಇಷ್ಟೆಲ್ಲ ಏರುಪೇರಿನ ನಡುವೆಯೂ ಮುದಗಲ್ಲಿನ ಕ್ಯಾಥೊಲಿಕ್ ಕುಟುಂಬಗಳು ಚದುರಿಹೋಗಲಿಲ್ಲ. ಅರಸರ ಆಸರೆಗಿಂತ ಊರವರ ನಿತ್ಯದ ಬಳಕೆಯೇ ಇಂಥ ಗುಡಿಗಳನ್ನು ಕಾಯುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಕಂಬವೋ, ಕಮಾನೋ?

ಹಳ್ಳಿಯ ಹಳೆಯ ಇಗರ್ಜಿಗಳ ರಚನೆಯನ್ನು ತಿಳಿಯಲು ಮೊದಲು ಇಟಗಿಗೆ ಹೋಗಿಬರುವುದು ಒಳ್ಳೆಯದು. ಹಿಂದೆ ಯಲಬುರ್ಗಾ ತಾಲೂಕಿನಲ್ಲಿದ್ದು ಈಗ ಕುಕನೂರು ತಾಲೂಕಿಗೆ ಸೇರಿರುವ ಇಟಗಿಯ ದೇವಾಲಯವನ್ನು 1112ರಲ್ಲಿ ಕಟ್ಟಿಸಿದವನು ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಅಲ್ಲಿನ ಶಾಸನ ಅದನ್ನು ‘ದೇವಾಲಯ ಚಕ್ರವರ್ತಿ’ ಎನ್ನುತ್ತದೆ. ಅಲ್ಲಿ ಮಾಳಿಗೆಯ ಭಾರವನ್ನು ಹೊರುವುದು ಕಂಬಗಳ ಮೇಲೆ ಅಡ್ಡ ಇಟ್ಟ ಕಲ್ಲಿನ ತೊಲೆ. ಕಲ್ಲಿನ ತೊಲೆ ತೀರ ಉದ್ದವಾದರೆ ನಡುವೆ ಮುರಿಯುತ್ತದೆ. ಆದ್ದರಿಂದಲೇ ಕಂಬಗಳು ಹತ್ತಿರ ಹತ್ತಿರ ನಿಲ್ಲುತ್ತವೆ. ಗರ್ಭಗುಡಿ ಚಿಕ್ಕದಾದರೂ ತೊಂದರೆಯಿಲ್ಲ, ಭಕ್ತರು ಸರದಿಯಲ್ಲಿ ಬಂದು ದರ್ಶನ ಪಡೆದು ಹೋಗುತ್ತಾರೆ.

ಇಗರ್ಜಿಯ ಅಗತ್ಯವೇ ಬೇರೆ. ಪೂಜೆಯ ವೇಳೆ ಊರಿನ ಭಕ್ತರೆಲ್ಲ ಒಟ್ಟಿಗೆ ಒಳಗಿರಬೇಕು, ಎಲ್ಲರಿಗೂ ಪೀಠ ಕಾಣಬೇಕು. ಹಾಗಾಗಿ ನಡುವೆ ಕಂಬಗಳ ಅಡ್ಡಿಯಿಲ್ಲದ ಉದ್ದನೆಯ ಅಂಕಣ ಬೇಕು. ಇದಕ್ಕೆ ಎರಡು ಉಪಾಯಗಳಿದ್ದವು: ಮರದ ತೊಲೆಗಳನ್ನು ತ್ರಿಕೋನವಾಗಿ ಜೋಡಿಸಿ ಮಾಡಿದ ಚಾವಣಿ, ಇಲ್ಲವೇ ಕಮಾನು. ಕಮಾನು ತನ್ನ ಭಾರವನ್ನು ಕೆಳಕ್ಕಷ್ಟೇ ಅಲ್ಲ, ಪಕ್ಕಕ್ಕೂ ತಳ್ಳುತ್ತದೆ. ಅದನ್ನು ತಡೆಯಲು ಗೋಡೆ ದಪ್ಪವಿರಬೇಕು, ಇಲ್ಲವೇ ಹೊರಗಿನಿಂದ ಆಸರೆಗೋಡೆ ಕೊಡಬೇಕು. ದಪ್ಪ ಗೋಡೆ ಬಿಸಿಲನಾಡಿನಲ್ಲಿ ಒಳಗನ್ನು ತಂಪಾಗಿಯೂ ಇಡುತ್ತದೆ. 1656ರ ಹೊತ್ತಿಗೆ ಗೋಳಗುಮ್ಮಟವನ್ನೇ ನಿಲ್ಲಿಸಿದ ಈ ಭಾಗದ ಗೌಂಡಿಗಳಿಗೆ ಕಮಾನಾಗಲಿ ಸುಣ್ಣದ ಗಾರೆಯಾಗಲಿ ಹೊಸತಾಗಿರಲಿಲ್ಲ.

ಉಳಿದದ್ದೆಲ್ಲ ಸರಳ. ಒಂದು ತುದಿಗೆ ಬಾಗಿಲು, ಎದುರು ತುದಿಗೆ ಪೀಠ. ಪೀಠ ಪೂರ್ವಕ್ಕಿರಬೇಕೆಂಬುದು ಹಳೆಯ ಪದ್ಧತಿ, ಆದರೆ ಜಾಗ ನೋಡಿ ದಿಕ್ಕು ಬದಲಿಸಿದ್ದೂ ಉಂಟು. ದೀಕ್ಷಾಸ್ನಾನದ ತೊಟ್ಟಿ ಬಾಗಿಲ ಬಳಿ ಇರುವುದಕ್ಕೆ ಅರ್ಥವಿದೆ: ಧರ್ಮದೊಳಗೆ ಕಾಲಿಡುವ ಸಂಸ್ಕಾರ ಹೊಸ್ತಿಲಲ್ಲೇ ನಡೆಯುತ್ತದೆ. ಹೊಲದಲ್ಲಿದ್ದವರಿಗೂ ಹೊತ್ತು ತಿಳಿಸಲು ಗಂಟೆ, ಪಕ್ಕದಲ್ಲಿ ಹಿರಿಯರ ಸಮಾಧಿಗಳು.

ಊರು ಬಿಟ್ಟ ಮೇಲೆ

ಬಳಸುವ ಜನರೇ ಇಲ್ಲವಾದರೆ ಏನಾಗುತ್ತದೆ ಎಂಬುದನ್ನು ನೋಡಲು ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಗೆ ಹೋಗಬೇಕು. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಅಲ್ಲಿ ಚೂಪು ಕಮಾನುಗಳ ಗಾಥಿಕ್ ಶೈಲಿಯ ಇಗರ್ಜಿ ಕಟ್ಟಿಸಿದ್ದರು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದಾಗ ಹಳ್ಳಿಯವರು ಬೇರೆಡೆಗೆ ಹೋಗಬೇಕಾಯಿತು. ಮಳೆಗಾಲದಲ್ಲಿ ನೀರು ಒಳನುಗ್ಗುತ್ತದೆ, ಬೇಸಿಗೆಯಲ್ಲಿ ಹಿಂದೆ ಸರಿಯುತ್ತದೆ. ಚಾವಣಿ ಎಂದೋ ಹೋಗಿದೆ. ಗೋಡೆ, ಕಮಾನುಗಳೂ ಒಂದೊಂದಾಗಿ ಕುಸಿಯುತ್ತಿವೆ. ಪ್ರವಾಸಿಗರಿಗೆ ಅದು ಚಂದದ ಚಿತ್ರ, ಊರು ಬಿಟ್ಟವರಿಗೆ ಹಿರಿಯರು ಮದುವೆಯಾದ ಗುಡಿ.

ಬಳಕೆಯಲ್ಲಿರುವ ಗುಡಿಗಳಿಗೆ ಬೇರೆ ಬಗೆಯ ಅಪಾಯ. ಜನ ಹೆಚ್ಚಿದಂತೆ ಜಾಗ ಸಾಲದೆ ಹಳೆಯದನ್ನು ಕೆಡವಿ ಕಾಂಕ್ರೀಟಿನಲ್ಲಿ ಕಟ್ಟುವುದುಂಟು. ದುರಸ್ತಿಯೇ ಕೇಡು ತರುವುದೂ ಉಂಟು. ಸುಣ್ಣದ ಗೋಡೆಗೆ ಸಿಮೆಂಟು ಬಳಿದರೆ ತೇವ ಹೊರಬರಲಾರದೆ ಗೋಡೆ ಒಳಗೊಳಗೇ ಸವೆಯುತ್ತದೆ. 1958ರ ಕೇಂದ್ರ ಕಾಯಿದೆಯ ಪ್ರಕಾರ ಪ್ರಾಚೀನ ಸ್ಮಾರಕ ಎನಿಸಲು ಕಟ್ಟಡಕ್ಕೆ ಕನಿಷ್ಠ 100 ವರ್ಷ ತುಂಬಿರಬೇಕು. ಆದರೆ ವಯಸ್ಸೊಂದೇ ರಕ್ಷಣೆ ಕೊಡದು, ಸರ್ಕಾರ ಅದನ್ನು ಅಧಿಸೂಚನೆಯಲ್ಲಿ ಘೋಷಿಸಬೇಕು. ಇಟಗಿಯ ದೇವಾಲಯಕ್ಕೆ ಆ ರಕ್ಷಣೆ ಇದೆ. ಹಳ್ಳಿಯ ಎಷ್ಟೋ ಚಿಕ್ಕ ಗುಡಿ, ದರ್ಗಾ, ಇಗರ್ಜಿಗಳಿಗೆ ಊರವರೇ ದಿಕ್ಕು.

ಮಕ್ಕಳ ಕೈಯಲ್ಲಿರುವ ಕೆಲಸ

ಈ ರಕ್ಷಣೆಯ ಮೊದಲ ಹೆಜ್ಜೆಯನ್ನು ವಿದ್ಯಾರ್ಥಿಗಳೇ ಇಡಬಹುದು. ರಜೆಯಲ್ಲಿ ಅಪ್ಪ ಅಮ್ಮನೊಡನೆ ಹೋದಾಗ, ಅಲ್ಲಿಯವರ ಅನುಮತಿ ಪಡೆದು, ಅಳತೆಯ ಟೇಪಿನಿಂದ ಉದ್ದಗಲ ಅಳೆದು ನಕ್ಷೆ ಬರೆಯಬಹುದು. ಗಂಟೆಯ ಮೇಲೆ, ಬಾಗಿಲ ನೆತ್ತಿಯಲ್ಲಿ, ಸಮಾಧಿಕಲ್ಲುಗಳಲ್ಲಿ ಕೆತ್ತಿದ ಇಸವಿಗಳನ್ನು ಗುರುತು ಹಾಕಿಕೊಳ್ಳಬಹುದು. ಕಲ್ಲು ಎಲ್ಲಿಂದ ಬಂತು, ಗಾರೆ ಅರೆದವರು ಯಾರು ಎಂದು ಅಜ್ಜ ಅಜ್ಜಿಯರನ್ನು ಕೇಳಿ ಬರೆದಿಡಬಹುದು. ಗೋಡೆ ಬಿದ್ದರೂ ಅಳತೆ ಇದ್ದರೆ ಮತ್ತೆ ಎಬ್ಬಿಸಬಹುದು. ಹಿರಿಯರ ನೆನಪು ಮಾತ್ರ ಅವರಿರುವಾಗಲೇ ಕೇಳಿ ಬರೆದುಕೊಳ್ಳಬೇಕಾದದ್ದು.