ಕಿತ್ತಳೆ ಗಿಡದಲ್ಲಿ ಪಾಲಕ್ ಜೀನ್!

ಕಿತ್ತಳೆ ಗಿಡಕ್ಕೆ ಪಾಲಕ್ ಸೊಪ್ಪಿನ ಜೀನ್ ಹಾಕ್ತಾರೆ ಅಂದ್ರೆ ನಂಬ್ತೀರಾ? ಅಮೆರಿಕದಲ್ಲಿ ಹಾಕಿಯೂ ಆಗಿದೆ.

ಕಾರಣ, ಗ್ರೀನಿಂಗ್ ರೋಗ. ಫ್ಲೋರಿಡಾದಲ್ಲಿ ಇದು ಪತ್ತೆಯಾಗಿದ್ದು 2005ರಲ್ಲಿ. ಸಿಲ್ಲಿಡ್ ಅನ್ನೋ ಪುಟ್ಟ ಕೀಟ ಎಲೆಯ ರಸ ಹೀರುವಾಗ ಬ್ಯಾಕ್ಟೀರಿಯಾ ಬಿಟ್ಟು ಹೋಗುತ್ತೆ. ಆ ಬ್ಯಾಕ್ಟೀರಿಯಾ ಮರದ ಆಹಾರ ಸಾಗಿಸೋ ನಾಳದಲ್ಲೇ ಠಿಕಾಣಿ ಹೂಡುತ್ತೆ. ಎಲೆ ಹಳದಿ, ಹಣ್ಣು ಸೊಟ್ಟ, ರಸ ಕಹಿ. ಕೀಟನಾಶಕ ಹೊಡೆದ್ರೆ ಕೀಟ ಸಾಯಬಹುದು, ರೋಗ ಹತ್ತಿದ ಮರ ವಾಸಿಯಾಗಲ್ಲ. 2003–04ರಲ್ಲಿ 24 ಕೋಟಿ ಪೆಟ್ಟಿಗೆ ಕಿತ್ತಳೆ ಬೆಳೆದ ರಾಜ್ಯ, 2022–23ರಲ್ಲಿ 2 ಕೋಟಿಯನ್ನೂ ಮುಟ್ಟಲಿಲ್ಲ. ಚಂಡಮಾರುತದ ಪಾಲೂ ಇದೆ ಅನ್ನಿ.

ಪಾಲಕ್‌ನಲ್ಲಿ ಬ್ಯಾಕ್ಟೀರಿಯಾ ವಿರುದ್ಧ ಹೋರಾಡೋ ಡಿಫೆನ್ಸಿನ್ ಪ್ರೋಟೀನ್ ಇದೆ. ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಎರಿಕ್ ಮಿರ್ಕೊವ್ ಅದರ ಜೀನನ್ನೇ ಕಿತ್ತಳೆಗೆ ಸೇರಿಸಿದ್ರು.

ನನಗೆ ಇದಕ್ಕಿಂತ ಜಾಣತನದ್ದು ಅನಿಸೋದು ಕಜ್ಜಿ ರೋಗ, ಅಂದ್ರೆ ಕ್ಯಾಂಕರ್ ಮೇಲಿನ ಕೆಲಸ. ಇಲ್ಲಿ ಬ್ಯಾಕ್ಟೀರಿಯಾ ಗಿಡದ್ದೇ ಒಂದು ಜೀನನ್ನು ಆನ್ ಮಾಡಿ ಎಲೆ ಮೇಲೆ ಹುಣ್ಣು ಎಬ್ಬಿಸುತ್ತೆ. ಜೀನಿನ ಹೆಸರು ಎಲ್‌ಒಬಿ1. ಫ್ಲೋರಿಡಾ ವಿಶ್ವವಿದ್ಯಾಲಯದ ತಂಡ ಜೀನ್ ತಿದ್ದೋ ಕ್ರಿಸ್ಪರ್ ಕತ್ತರಿ ಬಳಸಿ ಕಿತ್ತಳೆ ಬಳಗದ ಗ್ರೇಪ್‌ಫ್ರೂಟ್ ಗಿಡದಲ್ಲಿ ಆ ಜೀನನ್ನೇ ಕೆಡಿಸಿತು. ರೋಗಾಣು ಬಂತು, ಒತ್ತೋಕೆ ಸ್ವಿಚ್ಚೇ ಇರಲಿಲ್ಲ!

ಗ್ರೀನಿಂಗ್ ಮಾತ್ರ ಇನ್ನೂ ಬಗ್ಗಿಲ್ಲ. ಬೀಜದಿಂದ ಬಂದ ಗಿಡ ಹಣ್ಣು ಬಿಡೋಕೇ ವರ್ಷಗಟ್ಟಲೆ ಬೇಕು, ಹಾಗಾಗಿ ಪ್ರಯೋಗವೂ ನಿಧಾನ. ನಮ್ಮ ಕೊಡಗಿನ ಕಿತ್ತಳೆ ಸೊರಗೋದಕ್ಕೂ ಈ ರೋಗ ಒಂದು ಕಾರಣ. ಹೊಸ ತೋಟ ಹಾಕೋರು ದಾರಿಬದಿಯ ಸಸಿ ತರಬೇಡಿ. ರೋಗಮುಕ್ತ ಅಂತ ಪ್ರಮಾಣಪತ್ರ ಇರೋ ನರ್ಸರಿಯಿಂದಲೇ ತನ್ನಿ.