ಜಾಲತಾಣದ ಹೆಸರಿನ ಅಂತ್ಯಪದ ಮತ್ತು ಶೋಧದಲ್ಲಿ ಅದರ ಬೆಲೆ

ಒಂದು ಕಿರಿಯ ವಿಷಯಕ್ಕೆ ಮೀಸಲಾದ ಜಾಲತಾಣವನ್ನು ಕಟ್ಟಹೊರಟವರಿಗೆ ಮೊದಲು ಎದುರಾಗುವ ಪ್ರಶ್ನೆ ಹೆಸರಿನದು. ಹೆಸರು ಗೊತ್ತಾದ ಮೇಲೆ ಎದುರಾಗುವುದು ಆ ಹೆಸರಿನ ಕೊನೆಯದು. ಕುಂಬಳೆ ಸೀಮೆಯ ಯಕ್ಷಗಾನ ಪ್ರಸಂಗಗಳನ್ನೋ, ಸೊಲ್ಲಾಪುರದ ಸುತ್ತಣ ಕನ್ನಡ ಶಾಸನಗಳನ್ನೋ, ಮಡಕಶಿರಾ ಭಾಗದ ಹಾಡುಗಬ್ಬಗಳನ್ನೋ ಸಂಗ್ರಹಿಸಿದ ಉಪಾಧ್ಯಾಯರೊಬ್ಬರು ಅವನ್ನು ಜಾಲದಲ್ಲಿಡಬೇಕೆಂದು ಬಗೆದರೆಂದು ಎಣಿಸೋಣ. ಹೆಸರಿನ ಕೊನೆಗೆ ‘ಡಾಟ್ ಕಾಂ’ ಎಂದಿರಬೇಕೆ, ‘ಡಾಟ್ ಇನ್’ ಎಂದಿರಬೇಕೆ, ‘ಡಾಟ್ ಆರ್ಗ್’ ಲೇಸೆ, ಕನ್ನಡ ಲಿಪಿಯ ‘ಡಾಟ್ ಭಾರತ’ ಲೇಸೆ? ಯಾವುದನ್ನಿಟ್ಟರೆ ಗೂಗಲಿನಲ್ಲಿ ಹುಡುಕುವವರಿಗೆ ತಾಣವು ಬೇಗ ಕಣ್ಣಿಗೆ ಬಿದ್ದೀತು? ಇದಕ್ಕೆ ತಗಲುವ ಹಣ ಅಲ್ಪ. ಆದರೆ ಆಯ್ದ ವಿಳಾಸ ನಡುವೆ ಕೈತಪ್ಪಿದರೆ ವರ್ಷಗಳ ಸಂಗ್ರಹವೇ ಓದುಗರ ಪಾಲಿಗೆ ಇಲ್ಲದಂತಾಗುವುದು. ಆದುದರಿಂದ ಈ ವಿಷಯವನ್ನು ಸಮಾಧಾನದಿಂದ ವಿವೇಚಿಸುವುದು ಯುಕ್ತ.

೧. ಹೆಸರಿನ ರಚನೆ

ಗಣಕಯಂತ್ರಗಳು ಒಂದನ್ನೊಂದು ಗುರುತಿಸುವುದು ಅಂಕಿಗಳಿಂದ. ಮನುಷ್ಯನಿಗೆ ಅಂಕಿಗಳಿಗಿಂತ ಹೆಸರು ಸುಲಭವಾದ್ದರಿಂದ, ಹೆಸರನ್ನು ಅಂಕಿಗೆ ಹೊಂದಿಸುವ ವ್ಯವಸ್ಥೆಯೊಂದನ್ನು ೧೯೮೩ರಲ್ಲಿ ಅಮೆರಿಕದ ಪಾಲ್ ಮೊಕಪೆಟ್ರಿಸ್ ಎಂಬವರು ರೂಪಿಸಿದರು. ಇದೇ ಡೊಮೇನ್ ಹೆಸರಿನ ವ್ಯವಸ್ಥೆ. ಅಂಚೆಯ ವಿಳಾಸದಲ್ಲಿ ಮನೆ, ಬೀದಿ, ಊರು, ಜಿಲ್ಲೆ ಎಂದು ಕಿರಿದರಿಂದ ಹಿರಿದಕ್ಕೆ ಹೋಗುವಂತೆ ಇಲ್ಲಿಯೂ ಎಡದಿಂದ ಬಲಕ್ಕೆ ಹೋದಂತೆ ವ್ಯಾಪ್ತಿ ಹಿರಿದಾಗುತ್ತದೆ. ಎಲ್ಲಕ್ಕೂ ಬಲಕ್ಕಿರುವ ತುಂಡನ್ನು ವ್ಯವಹಾರದಲ್ಲಿ ಎಕ್ಸ್‌ಟೆನ್ಶನ್ ಎನ್ನುವರು. ಈ ಲೇಖನದಲ್ಲಿ ಅದನ್ನು ‘ಅಂತ್ಯಪದ’ ಎಂದು ಕರೆಯೋಣ.

ಅಂತ್ಯಪದಗಳಲ್ಲಿ ಮುಖ್ಯವಾಗಿ ಎರಡು ವರ್ಗ. ಕಾಂ, ಆರ್ಗ್, ನೆಟ್ ಮೊದಲಾದವು ಸಾಮಾನ್ಯ ವರ್ಗದವು, ೧೯೮೫ರಿಂದ ಬಳಕೆಯಲ್ಲಿವೆ. ಇನ್ (ಭಾರತ), ಯುಕೆ (ಬ್ರಿಟನ್), ಎಲ್‌ಕೆ (ಶ್ರೀಲಂಕಾ) ಮೊದಲಾದ ಎರಡಕ್ಷರದವು ದೇಶಸೂಚಕಗಳು. ೨೦೧೩ರಿಂದೀಚೆಗೆ ಸಾಮಾನ್ಯ ವರ್ಗದಲ್ಲಿ ನೂರಾರು ಹೊಸ ಪದಗಳು ಸೇರಿದವು: ಶಾಪ್, ಬ್ಲಾಗ್, ಸೈಟ್ ಇತ್ಯಾದಿ. ಆಯ್ಕೆಯ ತೊಡಕು ಹೆಚ್ಚಿದ್ದು ಇಲ್ಲಿಂದಲೇ.

೨. ಶೋಧಯಂತ್ರದ ನಿಲುವು

ಅಂತ್ಯಪದದಲ್ಲಿಯೇ ವಿಷಯದ ಹೆಸರಿದ್ದರೆ ಶೋಧದಲ್ಲಿ ಮೇಲಣ ಸ್ಥಾನ ದೊರೆಯುವುದೆಂಬ ನಂಬಿಕೆ ಬಹಳ ಹರಡಿದೆ. ೨೦೧೫ರ ಜುಲೈಯಲ್ಲಿ ಗೂಗಲ್ ಸಂಸ್ಥೆಯ ಜಾನ್ ಮ್ಯುಲರ್ ಎಂಬವರು ಇದಕ್ಕೆ ಸ್ಪಷ್ಟವಾದ ಉತ್ತರ ಕೊಟ್ಟರು. ಹೊಸ ಅಂತ್ಯಪದಗಳನ್ನು ತಮ್ಮ ಯಂತ್ರವು ಕಾಂ, ಆರ್ಗ್‌ಗಳಂತೆಯೇ ಎಣಿಸುವುದು. ಅಂತ್ಯಪದದಲ್ಲಿರುವ ಮಾತಿನಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಊರು ಪ್ರಾಂತಗಳ ಹೆಸರಿನ ಅಂತ್ಯಪದಗಳೂ ಸಾಮಾನ್ಯ ವರ್ಗದವೇ — ಇದು ಅವರ ವಿವರಣೆಯ ಸಾರ. ಹೆಸರಿನ ಎಡಭಾಗದ ವಿಷಯದಲ್ಲಿಯೂ ಹೀಗೆಯೇ. ಜನ ಹುಡುಕುವ ಮಾತನ್ನೇ ಹೆಸರಾಗಿಟ್ಟುಕೊಂಡು ಒಳಗೆ ಹುರುಳಿಲ್ಲದ ತಾಣಗಳು ಒಂದು ಕಾಲಕ್ಕೆ ಮೇಲೆ ಬರುತ್ತಿದ್ದವು. ೨೦೧೨ರ ಸೆಪ್ಟೆಂಬರಿನಲ್ಲಿ ಗೂಗಲ್ ತನ್ನ ಕ್ರಮವನ್ನು ತಿದ್ದಿ ಅಂಥವನ್ನು ಕೆಳಗಿಳಿಸಿತು.

ಆದರೆ ದೇಶಸೂಚಕಗಳ ಮಾತು ಬೇರೆ. ತಾಣವು ಯಾವ ದೇಶದ ಓದುಗರಿಗಾಗಿ ಇದೆಯೆಂದು ತಿಳಿಯಲು ಶೋಧಯಂತ್ರವು ಅಂತ್ಯಪದವನ್ನು ಬಲವಾದ ಕುರುಹಾಗಿ ಹಿಡಿಯುತ್ತದೆ. ‘ಇನ್’ ಎಂದಿದ್ದರೆ ಭಾರತದ ಓದುಗರಿಗೆಂದು ಅರ್ಥ. ಇದರಿಂದ ಹೊರದೇಶದಲ್ಲಿ ಬಾಗಿಲು ಮುಚ್ಚುವುದಿಲ್ಲ. ಒಲವು ಮಾತ್ರ ಭಾರತದ ಕಡೆಗಿರುವುದು. ಇದಕ್ಕೆ ಅಪವಾದಗಳುಂಟು. ಟುವಾಲು ದ್ವೀಪಗಳ ‘ಟಿವಿ’, ಕೊಲಂಬಿಯದ ‘ಕೋ’, ಆಂಗ್ವಿಲ್ಲದ ‘ಎಐ’ ಮೊದಲಾದವು ದೇಶದ ಸಂಬಂಧವಿಲ್ಲದೆ ಲೋಕದಲ್ಲೆಲ್ಲ ಬಳಕೆಯಾಗುತ್ತಿರುವುದರಿಂದ ಗೂಗಲ್ ಅವನ್ನು ಸಾಮಾನ್ಯ ವರ್ಗಕ್ಕೆ ಸೇರಿಸಿಕೊಂಡಿದೆ.

ಗಡಿನಾಡಿನವರು ಇಲ್ಲಿ ಒಂದನ್ನು ಗಮನಿಸಬೇಕು. ಈ ಕುರುಹು ದೇಶಕ್ಕೆ ಸಂಬಂಧಿಸಿದ್ದು, ರಾಜ್ಯಕ್ಕಲ್ಲ. ಎರಡಕ್ಷರದ ಸೂಚಕಗಳಲ್ಲಿ ಕರ್ನಾಟಕಕ್ಕೊಂದು, ಕೇರಳಕ್ಕೊಂದು ಎಂಬುದಿಲ್ಲ. ಕಾಸರಗೋಡಿನ ತಾಣವೂ ಧಾರವಾಡದ ತಾಣವೂ ‘ಇನ್’ ಎಂದಿರುವಾಗ ಯಂತ್ರದ ದೃಷ್ಟಿಯಲ್ಲಿ ಸಮಾನ. ಭೂಪಟದ ಗೆರೆ ಅಲ್ಲಿ ಅಡ್ಡ ಬರುವುದಿಲ್ಲ.

೩. ಭಾಷೆಯ ಹೆಸರಿನ ಅಂತ್ಯಪದ: ಕತಲಾನರ ನಿದರ್ಶನ

ಭಾಷೆಯೊಂದು ತನ್ನದೇ ಅಂತ್ಯಪದವನ್ನು ಪಡೆದ ನಿದರ್ಶನವು ನಮಗೆ ವಿಶೇಷವಾಗಿ ವಿಚಾರಾರ್ಹ. ಕತಲಾನ್ ಭಾಷೆಯನ್ನಾಡುವವರು ಸ್ಪೇನಿನ ಪೂರ್ವಭಾಗದಲ್ಲಿ, ಫ್ರಾನ್ಸಿನ ದಕ್ಷಿಣದ ಅಂಚಿನಲ್ಲಿ, ಅಂಡೋರಾದಲ್ಲಿ, ಇಟಲಿಗೆ ಸೇರಿದ ಸಾರ್ಡಿನಿಯ ದ್ವೀಪದ ಅಲ್ಗೇರೊ ಪಟ್ಟಣದಲ್ಲಿ ಇದ್ದಾರೆ. ನಾಲ್ಕು ದೇಶಗಳಲ್ಲಿ ಹರಡಿರುವ ಈ ಜನಕ್ಕೆ ಯಾವ ದೇಶಸೂಚಕವೂ ಪೂರ್ಣವಾಗಿ ಒಪ್ಪುವುದಿಲ್ಲ. ಭಾಷೆ ಸಂಸ್ಕೃತಿಗಳ ಆಧಾರದ ಮೇಲೆ ಅವರು ಸಲ್ಲಿಸಿದ ಬೇಡಿಕೆಗೆ ೨೦೦೫ರಲ್ಲಿ ಒಪ್ಪಿಗೆ ದೊರೆತು ‘ಕ್ಯಾಟ್’ ಎಂಬ ಅಂತ್ಯಪದ ಹುಟ್ಟಿತು. ಮುಂದೆ ೨೦೧೪ರಲ್ಲಿ ಬಾಸ್ಕ್ ಭಾಷೆಗೆ ‘ಇಯುಎಸ್’, ಗಲೀಸಿಯನ್ ಭಾಷೆಗೆ ‘ಗಾಲ್’ ಎಂಬವು ಬಂದವು.

ಇದರಿಂದ ಕತಲಾನ್ ತಾಣಗಳು ಶೋಧದಲ್ಲಿ ಮೇಲೆ ಬಂದವೇ? ಅಂತ್ಯಪದದ ಬಲದಿಂದ ಬರಲಿಲ್ಲ. ಗೂಗಲ್ ‘ಕ್ಯಾಟ್’ ಅನ್ನು ಸಾಮಾನ್ಯ ವರ್ಗದ್ದೆಂದೇ ಎಣಿಸಿದೆ. ದೊರೆತ ಲಾಭ ಬೇರೆ ಬಗೆಯದು. ವಿಳಾಸವನ್ನು ಕಂಡೊಡನೆ ‘ಇದು ನಮ್ಮ ಭಾಷೆಯದು’ ಎಂದು ಓದುಗನಿಗೆ ತಿಳಿಯಿತು. ಯಂತ್ರಕ್ಕೆ ಹೇಳುವ ಮಾತು ಬೇರೆ, ಮನುಷ್ಯನಿಗೆ ಹೇಳುವ ಮಾತು ಬೇರೆ. ಅಂತ್ಯಪದವು ಬಹುಮಟ್ಟಿಗೆ ಮನುಷ್ಯನಿಗೆ ಹೇಳುವ ಮಾತು.

೪. ಕನ್ನಡ ಲಿಪಿಯ ವಿಳಾಸ

ಕನ್ನಡಕ್ಕೂ ಅಂತಹ ಒಂದು ಸೌಕರ್ಯವುಂಟು. ಕನ್ನಡ ಲಿಪಿಯಲ್ಲಿ ‘ಭಾರತ’ ಎಂಬ ಅಂತ್ಯಪದವು ನಮ್ಮ ದೇಶದ ಸೂಚಕಗಳಲ್ಲಿ ಒಂದು. ‘ಇನ್’ ಅನ್ನು ನೋಡಿಕೊಳ್ಳುವ ನಿಕ್ಸಿ ಸಂಸ್ಥೆಯೇ ಇದನ್ನೂ ನೋಡಿಕೊಳ್ಳುತ್ತದೆ. ಇಡೀ ವಿಳಾಸವನ್ನು ಕನ್ನಡದಲ್ಲಿಯೇ ಬರೆಯಬಹುದು. ಯಂತ್ರದೊಳಗೆ ಇದು ‘ಎಕ್ಸ್‌ಎನ್’ ಎಂದು ತೊಡಗುವ ರೋಮನ್ ಅಕ್ಷರಗಳ ಸರಣಿಯಾಗಿ ಮಾರ್ಪಡುವುದು. ಶೋಧಯಂತ್ರ ಎರಡನ್ನೂ ಒಂದೇ ಎಂದು ತಿಳಿಯುವುದು. ಆದರೆ ಇಂತಹ ವಿಳಾಸವನ್ನು ಬೇರೆಡೆ ನಕಲು ಮಾಡಿ ಅಂಟಿಸಿದಾಗ ಕೆಲವು ಕಡೆ ಆ ವಿಚಿತ್ರ ಸರಣಿಯೇ ಕಾಣಿಸುತ್ತದೆ. ಮಿಂಚಂಚೆಯ ಕೆಲವು ನಮೂನೆಗಳು ಅದನ್ನು ಒಪ್ಪುವುದೂ ಇಲ್ಲ. ಆದುದರಿಂದ ರೋಮನ್ ಲಿಪಿಯ ವಿಳಾಸವನ್ನು ಮುಖ್ಯವಾಗಿಟ್ಟುಕೊಂಡು, ಕನ್ನಡ ವಿಳಾಸದಿಂದ ಅಲ್ಲಿಗೆ ದಾರಿ ತೋರಿಸುವುದು ಸದ್ಯಕ್ಕೆ ಕ್ಷೇಮ.

೫. ಬಾಳಿಕೆಯ ಪ್ರಶ್ನೆ

ಹೆಸರನ್ನು ಯಾರೂ ಶಾಶ್ವತವಾಗಿ ಕೊಳ್ಳುವುದಿಲ್ಲ. ಅವಧಿಗಿಷ್ಟೆಂದು ಬಾಡಿಗೆ ಕೊಟ್ಟು ಇಟ್ಟುಕೊಳ್ಳುತ್ತಾರೆ. ಅಂತ್ಯಪದದ ಒಡೆಯರ ಸ್ಥಿತಿ ಬದಲಾದರೆ ಬಾಡಿಗೆದಾರನ ಸ್ಥಿತಿಯೂ ಬದಲಾಗುವುದು. ಯುಗೊಸ್ಲಾವಿಯ ಒಡೆದುಹೋದ ಮೇಲೆ ಅದರ ‘ವೈಯು’ ೨೦೧೦ರಲ್ಲಿ ಅಳಿಯಿತು. ಬ್ರಿಟನ್ ಯುರೋಪಿನ ಒಕ್ಕೂಟವನ್ನು ಬಿಟ್ಟಾಗ, ಒಕ್ಕೂಟದ ಪೌರತ್ವವಿಲ್ಲದ ಅಲ್ಲಿನ ನಿವಾಸಿಗಳ ‘ಇಯು’ ಹೆಸರುಗಳು ೨೦೨೧ರ ಆರಂಭದಿಂದ ತಡೆಯಲ್ಪಟ್ಟವು. ಗಡಿ ಸರಿದಾಗ ವಿಳಾಸವೂ ಸರಿಯುವುದೆಂಬುದಕ್ಕೆ ಇವು ಸಾಕ್ಷಿ.

ಬಿಟ್ಟಿಯಾಗಿ ದೊರೆಯುವ ಹೆಸರುಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ‘ಕೋ ಡಾಟ್ ಸಿಸಿ’ ಎಂಬುದರಡಿ ಬಿಟ್ಟಿಯಾಗಿ ಹಂಚಲ್ಪಟ್ಟ ತಾಣಗಳಲ್ಲಿ ವಂಚಕರವು ಹೆಚ್ಚಾದುದರಿಂದ ೨೦೧೧ರಲ್ಲಿ ಗೂಗಲ್ ಆ ಗುಂಪನ್ನೇ ತನ್ನ ಪಟ್ಟಿಯಿಂದ ತೆಗೆದುಹಾಕಿತು. ನೆರೆಯವರ ನಡತೆಗಾಗಿ ಸಜ್ಜನರೂ ದಂಡ ತೆತ್ತರು. ‘ಟಿಕೆ’ ಮೊದಲಾದುವನ್ನು ಬಿಟ್ಟಿ ಕೊಡುತ್ತಿದ್ದ ಫ್ರೀನಾಮ್ ಸಂಸ್ಥೆ ೨೦೨೩ರಲ್ಲಿ ಹೊಸ ನೋಂದಣಿಯನ್ನು ನಿಲ್ಲಿಸಿ ೨೦೨೪ರಲ್ಲಿ ಆ ವ್ಯವಹಾರವನ್ನೇ ಬಿಡುವುದಾಗಿ ಸಾರಿತು. ಹೊಸ ಅಂತ್ಯಪದಗಳಲ್ಲಿ ಮೊದಲ ವರ್ಷ ಅಗ್ಗವಾಗಿ ಕೊಟ್ಟು ಎರಡನೆಯ ವರ್ಷದಿಂದ ಹಲವು ಪಟ್ಟು ಕೇಳುವ ಪದ್ಧತಿಯೂ ಉಂಟು. ಕೊಳ್ಳುವ ಮುನ್ನ ನವೀಕರಣದ ದರವನ್ನು ನೋಡಬೇಕು.

೬. ನಿಜವಾಗಿ ಸ್ಥಾನ ಕೊಡುವುದು ಯಾವುದು?

ಕಿರಿಯ ವಿಷಯದ ತಾಣಕ್ಕೆ ಒಂದು ಅನುಕೂಲವಿದೆ. ಪೈಪೋಟಿ ಕಡಿಮೆ. ಒಂದು ಊರಿನ ಶಾಸನದ ಪಾಠವು ಮತ್ತೆಲ್ಲಿಯೂ ಇಲ್ಲದಿದ್ದಲ್ಲಿ ಹುಡುಕುವವನಿಗೆ ಅದೇ ದೊರೆಯಬೇಕು. ಆದರೂ ಎಷ್ಟೋ ಕನ್ನಡ ಸಂಗ್ರಹಗಳು ದೊರೆಯುವುದಿಲ್ಲ. ಕಾರಣ ಅಂತ್ಯಪದವಲ್ಲ, ಅಕ್ಷರ. ಹಳೆಯ ನುಡಿ, ಶ್ರೀಲಿಪಿ ಮೊದಲಾದ ಅಚ್ಚುಗಳಲ್ಲಿ ಬೆರಳಚ್ಚಾದ ಬರಹವು ನಮ್ಮ ಕಣ್ಣಿಗೆ ಕನ್ನಡ. ಯಂತ್ರಕ್ಕೆ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಬರಹವನ್ನು ಯೂನಿಕೋಡಿಗೆ ಪರಿವರ್ತಿಸದೆ ಜಾಲಕ್ಕೇರಿಸಿದರೆ ಯಾವ ಅಂತ್ಯಪದವೂ ಅದನ್ನು ಉದ್ಧರಿಸಲಾರದು. ಪುಟಗಳ ಛಾಯಾಚಿತ್ರವನ್ನಷ್ಟೇ ಇಟ್ಟರೂ ಹೆಚ್ಚು ಕಡಿಮೆ ಇದೇ ಗತಿ.

ಎರಡನೆಯದು ಶೀರ್ಷಿಕೆ. ‘ಪುಟ ೩’ ಎಂಬುದಕ್ಕಿಂತ ಊರಿನ, ಪ್ರಸಂಗದ, ಕವಿಯ ಹೆಸರುಳ್ಳ ತಲೆಬರಹ ಲೇಸು. ಗಡಿನಾಡಿನ ಊರುಗಳಿಗೆ ಎರಡೆರಡು ಹೆಸರುಗಳಿರುವುದರಿಂದ ಎರಡನ್ನೂ ಬರಹದಲ್ಲಿ ಕಾಣಿಸಬೇಕು. ಅಕ್ಕಲಕೋಟೆ ಎಂದು ಹುಡುಕುವವರೂ ಇದ್ದಾರೆ, ಅಕ್ಕಲಕೋಟ್ ಎಂದು ಹುಡುಕುವವರೂ ಇದ್ದಾರೆ. ಮೂರನೆಯದು ಇತರ ತಾಣಗಳ ಮನ್ನಣೆ. ವಿದ್ಯಾಸಂಸ್ಥೆಗಳು, ಪತ್ರಿಕೆಗಳು ತಮ್ಮ ಪುಟಗಳಿಂದ ಇತ್ತ ಕೊಂಡಿ ಕೊಟ್ಟಷ್ಟೂ ತಾಣದ ಘನತೆ ಏರುವುದು.

೭. ಆಯ್ಕೆಯ ಕ್ರಮ

ಓದುಗರು ಮುಖ್ಯವಾಗಿ ಭಾರತದವರಾದರೆ ‘ಇನ್’ ಸಾಕು. ೨೦೦೫ರಿಂದ ಅದು ಎಲ್ಲರಿಗೂ ತೆರೆದಿದೆ. ಹೊರನಾಡಿನ ಕನ್ನಡಿಗರನ್ನೂ ಸಮನಾಗಿ ಉದ್ದೇಶಿಸಿದ್ದರೆ ‘ಆರ್ಗ್’ ಅಥವಾ ‘ಕಾಂ’. ಸಂಘ ಸಂಸ್ಥೆಗಳಿಗೆ ‘ಆರ್ಗ್’ ಹೆಚ್ಚು ಒಪ್ಪುವುದು. ‘ಎಸಿ ಡಾಟ್ ಇನ್’ ವಿದ್ಯಾಸಂಸ್ಥೆಗಳಿಗೆ ಮಾತ್ರ ದೊರೆಯುವುದರಿಂದ ವ್ಯಕ್ತಿಗಳು ಅದನ್ನು ಬಯಸಬೇಕಾಗಿಲ್ಲ. ಹೆಸರನ್ನು ಒಬ್ಬರ ಸ್ವಂತ ಮಿಂಚಂಚೆಗಿಂತ ಸಂಘದ ಲೆಕ್ಕದಲ್ಲಿ ನೋಂದಾಯಿಸಿದರೆ ಅವರ ವರ್ಗಾವಣೆ, ನಿವೃತ್ತಿಗಳಿಂದ ತಾಣಕ್ಕೆ ಬಾಧೆ ಇಲ್ಲ. ಈಗಾಗಲೇ ನಡೆಯುತ್ತಿರುವ ತಾಣದ ಅಂತ್ಯಪದವನ್ನು ಸ್ಥಾನದಾಸೆಯಿಂದ ಬದಲಿಸಬಾರದು. ಬದಲಿಸಲೇಬೇಕಾದರೆ ಹಳೆಯ ಪ್ರತಿ ಪುಟದಿಂದ ಹೊಸ ಪುಟಕ್ಕೆ ಶಾಶ್ವತ ಮಾರ್ಗಸೂಚಿಯನ್ನು ಇಟ್ಟು, ಹಳೆಯ ಹೆಸರನ್ನು ಕನಿಷ್ಠ ಒಂದು ವರ್ಷ, ಸಾಧ್ಯವಾದರೆ ಇನ್ನೂ ದೀರ್ಘಕಾಲ, ಕೈಬಿಡದೆ ಉಳಿಸಿಕೊಳ್ಳಬೇಕು.

ಒಟ್ಟಿನಲ್ಲಿ ಅಂತ್ಯಪದವು ಮನೆಯ ಬಾಗಿಲ ಫಲಕವಿದ್ದಂತೆ. ಅದು ಸ್ಪಷ್ಟವಾಗಿರಬೇಕು, ಬಿದ್ದುಹೋಗದಂತಿರಬೇಕು. ಅಷ್ಟಾದರೆ ಅದರ ಕೆಲಸ ಮುಗಿಯಿತು. ಗಡಿನಾಡಿನ ಶಾಲೆಗಳ ಕಪಾಟುಗಳಲ್ಲಿ, ಹಿರಿಯ ಉಪಾಧ್ಯಾಯರ ಕೈಬರಹದ ಪುಸ್ತಕಗಳಲ್ಲಿ ಉಳಿದಿರುವ ಸಾಮಗ್ರಿಯನ್ನು ಯೂನಿಕೋಡ್ ಕನ್ನಡದಲ್ಲಿ ತಿದ್ದಿ ಬೆರಳಚ್ಚು ಮಾಡುವ ಕೆಲಸಕ್ಕೆ ಈಗಲೇ ಕೈಹಚ್ಚಿದರೆ, ಹುಡುಕುವವನಿಗೆ ಕಾಣಿಸತಕ್ಕದ್ದು ಒಳಗೆ ಇದ್ದೇ ಇರುವುದು.